ಅವ್ವನ ಎಂಆರ್‌ಐ ರಿಪೋರ್ಟ್‌ನಲ್ಲಿ ‘ಬಲಗಡೆ ವರ್ಟಿಬ್ರಲ್ ಹೈಪೋಪ್ಲಾಸ್ಟಿಕ್’ ಅಂತ ಬಂದಿದೆ, ಇದು ಕಾಯಿಲೆನಾ?

ಬೆಟಗೇರಿ ಹುಡುಗ

ಎಲ್ಲರಿಗೂ ನಮಸ್ಕಾರ. ಇಲ್ಲಿ ಡಾಕ್ಟರ್‌ಗಳು, ಸ್ಕ್ಯಾನಿಂಗ್ ಕೆಲಸದವರು ಇದ್ದೀರಿ ಅಂತ ಗೊತ್ತು, ಅದಕ್ಕೇ ಕೇಳುತ್ತಿದ್ದೇನೆ. ನಮ್ಮ ಅವ್ವನಿಗೆ 58 ವರ್ಷ. ಬಿಪಿ ಇದೆ, ದಿನಾ ಗುಳಿಗೆ ತಗೊಳ್ಳುತ್ತಾಳೆ. ಶುಗರ್ ಇಲ್ಲ. ಊಟ ಆದಮೇಲೆ ಎಲೆ ಅಡಿಕೆ ಜೊತೆ ತಂಬಾಕು ಹಾಕಿಕೊಳ್ಳುವ ರೂಢಿ ಇದೆ. ಯುಗಾದಿ ಆದಮೇಲೆ ಶುರುವಾಗಿದ್ದು ಈ ತಲೆ ತಿರುಗುವುದು. ಬೆಳಗ್ಗೆ ಹಾಸಿಗೆಯಿಂದ ಏಳುವಾಗ, ರಾತ್ರಿ ಮಗ್ಗಲು ಬದಲಿಸುವಾಗ ಮನೆಯೇ ಗರಗರ ತಿರುಗಿದಂಗೆ ಆಗುತ್ತದೆ ಅನ್ನುತ್ತಾಳೆ. ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ಕೂತರೆ ಸರಿಹೋಗುತ್ತದೆ. ಗದಗಿನಲ್ಲಿ ತೋರಿಸಿದೆವು, ಗುಳಿಗೆ ಕೊಟ್ಟರು, ಪೂರ್ತಿ ಕಡಿಮೆ ಆಗಲಿಲ್ಲ. ಆಮೇಲೆ ಹುಬ್ಬಳ್ಳಿಗೆ ಕರಕೊಂಡು ಹೋಗಿ ಎಂಆರ್‌ಐ, ಆಂಜಿಯೋ (ರಕ್ತನಾಳಗಳ ಸ್ಕ್ಯಾನ್) ಎರಡೂ ಮಾಡಿಸಿದೆವು.

ಮೆದುಳಿನಲ್ಲಿ ಸ್ಟ್ರೋಕ್ ಆದ ಗುರುತು ಏನೂ ಇಲ್ಲ ಅಂತ ಬರೆದಿದ್ದಾರೆ. ಆದರೆ ಕೆಳಗೆ ಬೇರೆ ಸಾಲುಗಳಿವೆ. ರೈಟ್ ವರ್ಟಿಬ್ರಲ್ ಆರ್ಟರಿ ಹೈಪೋಪ್ಲಾಸ್ಟಿಕ್, ಅದು ಪೈಕಾದಲ್ಲಿ ಮುಗಿಯುತ್ತದೆ. ಎಡಗಡೆ ಪಿಸಿಎ ಫೀಟಲ್ ಒರಿಜಿನ್. ಬಲಗಡೆ ಪೋಸ್ಟೀರಿಯರ್ ಕಮ್ಯುನಿಕೇಟಿಂಗ್ ಆರ್ಟರಿ ಕಾಣುತ್ತಿಲ್ಲ. ಕೊನೆಗೆ ‘ನಾರ್ಮಲ್ ವೇರಿಯಂಟ್’ ಅಂತಲೂ ಇದೆ. ಇಷ್ಟೆಲ್ಲ ಇಲ್ಲ, ಸಣ್ಣದು ಅಂತ ಬರೆದು ಆಮೇಲೆ ನಾರ್ಮಲ್ ಅಂದರೆ ನಾವು ಏನಂತ ತಿಳಕೊಳ್ಳಬೇಕು?

ನ್ಯೂರೋ ಡಾಕ್ಟರ್ ಹತ್ತಿರ ಮುಂದಿನ ವಾರ ಅಪಾಯಿಂಟ್‌ಮೆಂಟ್ ಇದೆ. ಅಷ್ಟರಲ್ಲಿ ರಿಪೋರ್ಟ್ ಮನೆಯವರ ವಾಟ್ಸಾಪ್ ಗ್ರೂಪಿಗೆ ಹೋಯಿತು. ನಮ್ಮ ಕಾಕಾ ಫೋನ್ ಮಾಡಿ, ‘ಮೆದುಳಿಗೆ ಹೋಗೋ ನರಾನೇ ಸಣ್ಣದಾಗೈತಿ, ಇವತ್ತಿಲ್ಲ ನಾಳೆ ಲಕ್ವಾ ಹೊಡೀತೈತಿ, ಬೆಂಗಳೂರಿಗೆ ಹೋಗಿ ಸ್ಟೆಂಟ್ ಹಾಕಿಸ್ರಿ’ ಅಂದರು. ಅವ್ವ ಅದನ್ನು ಕೇಳಿಸಿಕೊಂಡಳು. ಅವತ್ತಿಂದ ಮಲಗೋಕೂ ಹೆದರುತ್ತಾಳೆ, ಒಬ್ಬಳೇ ಬಚ್ಚಲಿಗೂ ಹೋಗಲ್ಲ. ಈ ನರ ಸಣ್ಣ ಆಗಿದ್ದು ಯಾವಾಗ, ಅದನ್ನು ದೊಡ್ಡದು ಮಾಡಬಹುದಾ, ತಲೆ ತಿರುಗೋದು ಇದರಿಂದಲೇನಾ, ನಾವು ಮಕ್ಕಳೂ ಸ್ಕ್ಯಾನ್ ಮಾಡಿಸಬೇಕಾ? ದಯವಿಟ್ಟು ಯಾರಾದರೂ ಬಿಡಿಸಿ ಹೇಳಿ.

ಧಾರವಾಡ ಅನಾಟಮಿ ಮೇಡಂ

ಹೈಪೋಪ್ಲಾಸ್ಟಿಕ್ ಅಂದರೆ ಪೂರ್ತಿ ಬೆಳೆಯದೆ ಸಣ್ಣಗೆ ಉಳಿದದ್ದು. ಮೊದಲು ಅವ್ವನಿಗೆ ಹೇಳಿ, ಆ ರಕ್ತನಾಳ ಈಗ ಸಣ್ಣ ಆಗಿದ್ದಲ್ಲ. ರೇಡಿಯಾಲಜಿಸ್ಟ್ ನೋಡಿದ್ದು ಸರಿ ಇದ್ದರೆ ಅವರು ಹುಟ್ಟಿದಾಗಿಂದ ಅದು ಹಾಗೇ ಇದೆ. 58 ವರ್ಷ ಅದರ ಜೊತೆಗೇ ಹೊಲ ಮನೆ ನೋಡಿಕೊಂಡು, ಮಕ್ಕಳನ್ನು ಹೆತ್ತು ಸಾಕಿದ್ದಾರೆ. ಈ ಮಾತನ್ನು ಇವತ್ತೇ ಹೇಳಿ, ಅಪಾಯಿಂಟ್‌ಮೆಂಟ್‌ವರೆಗೂ ಕಾಯಬೇಡಿ.

ನಾನು ಅನಾಟಮಿ ಕಲಿಸುವವಳು. ರೋಗಿಗಳನ್ನು ನೋಡುವುದಿಲ್ಲ, ಆದರೆ ಈ ರಕ್ತನಾಳಗಳನ್ನು ಕೈಯಲ್ಲಿ ಹಿಡಿದು ನೋಡಿದ್ದೇನೆ. ಮೆದುಳು ನಮ್ಮ ತೂಕದಲ್ಲಿ ನೂರಕ್ಕೆ ಸುಮಾರು 2 ಭಾಗ ಅಷ್ಟೇ. ಆದರೆ ಹೃದಯ ತಳ್ಳುವ ರಕ್ತದಲ್ಲಿ ನೂರಕ್ಕೆ 15ರಿಂದ 20 ಭಾಗ ಅದಕ್ಕೇ ಬೇಕು. ಅದು ನಾಲ್ಕು ನಾಳಗಳಲ್ಲಿ ಹೋಗುತ್ತದೆ. ಕುತ್ತಿಗೆಯ ಮುಂದೆ ಬಲಕ್ಕೊಂದು ಎಡಕ್ಕೊಂದು ಕೆರೋಟಿಡ್, ಹಿಂದೆ ಬಲಕ್ಕೊಂದು ಎಡಕ್ಕೊಂದು ವರ್ಟಿಬ್ರಲ್. ವರ್ಟಿಬ್ರಲ್ ಹೋಗುವ ದಾರಿ ಬಹಳ ಚೆಂದ. ಭುಜದ ಹತ್ತಿರದ ಸಬ್‌ಕ್ಲೇವಿಯನ್ ನಾಳದಿಂದ ಹೊರಟು, ಕುತ್ತಿಗೆಯ ಆರನೇ ಮೂಳೆಯ ಪಕ್ಕದ ತೂತಿನೊಳಗೆ ನುಗ್ಗಿ, ಐದು, ನಾಲ್ಕು, ಮೂರು ಅಂತ ಒಂದೊಂದೇ ಮೂಳೆಯ ತೂತು ದಾಟಿಕೊಂಡು ಮೇಲೆ ಹೋಗುತ್ತದೆ. ಮೊದಲನೇ ಮೂಳೆ ಅಟ್ಲಾಸ್ ಹತ್ತಿರ ಹಿಂದಕ್ಕೆ ತಿರುಗಿ, ಅದರ ಮೇಲಿನ ಒಂದು ತೋಡಿನಲ್ಲಿ ಮಲಗಿ, ತಲೆಬುರುಡೆಯ ದೊಡ್ಡ ರಂಧ್ರದಿಂದ ಒಳಗೆ ಹೋಗುತ್ತದೆ. ಒಳಗೆ ಎರಡೂ ಕಡೆಯವು ಸೇರಿ ಬೇಸಿಲಾರ್ ಅನ್ನುವ ಒಂದೇ ನಾಳ ಆಗುತ್ತದೆ. ಬೇಸಿಲಾರ್ ಮೇಲಕ್ಕೆ ಹೋಗಿ ಎರಡು ಪಿಸಿಎ (ಪೋಸ್ಟೀರಿಯರ್ ಸೆರೆಬ್ರಲ್ ಆರ್ಟರಿ, ಮೆದುಳಿನ ಹಿಂಭಾಗಕ್ಕೆ ಹೋಗುವ ನಾಳ) ಆಗಿ ಕವಲೊಡೆಯುತ್ತದೆ. ಉಸಿರಾಟ, ನುಂಗುವುದು, ಎಚ್ಚರವಾಗಿರುವುದು, ಸಮತೋಲನ ತಪ್ಪದೆ ನಡೆಯುವುದು, ಕಣ್ಣು ಕಂಡದ್ದನ್ನು ಮೆದುಳು ಅರಿಯುವುದು, ಇದಕ್ಕೆಲ್ಲ ರಕ್ತ ಕೊಡುವುದು ಈ ಹಿಂದಿನ ಜೋಡಿಯೇ.

ಇನ್ನು ಪುಸ್ತಕದ ಚಿತ್ರದಲ್ಲಿ ಎರಡೂ ಕಡೆ ಸಮ ಇರುತ್ತದಲ್ವಾ, ಮನುಷ್ಯರಲ್ಲಿ ಹಾಗಿರುವುದೇ ಕಡಿಮೆ. ಸುಮಾರು ಅರ್ಧ ಜನರಲ್ಲಿ ಎಡದ ವರ್ಟಿಬ್ರಲ್ ದೊಡ್ಡದು, ಕಾಲುಭಾಗ ಜನರಲ್ಲಿ ಬಲದ್ದು ದೊಡ್ಡದು, ಉಳಿದ ಕಾಲುಭಾಗದವರಲ್ಲಿ ಮಾತ್ರ ಎರಡೂ ಹೆಚ್ಚುಕಡಿಮೆ ಸಮ. ಡಿಸೆಕ್ಷನ್ ಹಾಲ್‌ನಲ್ಲಿ ಮೆದುಳನ್ನು ತೆಗೆದು ಬುಡಮೇಲು ಇಟ್ಟಾಗ ನಾನು ಮಕ್ಕಳಿಗೆ ಮೊದಲು ಬೆರಳು ಇಟ್ಟು ನೋಡಿ ಅನ್ನುತ್ತೇನೆ. ಒಂದು ಕಡೆಯ ವರ್ಟಿಬ್ರಲ್ ಹಿಡಿದರೆ ಬೆರಳ ಮಧ್ಯೆ ದಪ್ಪಗೆ ಹೊರಳುತ್ತದೆ. ಇನ್ನೊಂದು ಕಡೆಯದು ಎಷ್ಟೋ ಸಲ ಅದರ ಅರ್ಧವೂ ಇರುವುದಿಲ್ಲ, ಪೊರೆ ಬಿಡಿಸುವಾಗ ಕಿತ್ತುಹೋಗುತ್ತದೇನೋ ಅಂತ ಹುಷಾರಾಗಿ ಹುಡುಕಬೇಕು. ದೇಹದಾನ ಮಾಡಿದ ಆ ಹಿರಿಯರು ಎಂಬತ್ತು ವರ್ಷ ಬದುಕಿ ಬೇರೆ ಯಾವುದೋ ಕಾರಣಕ್ಕೆ ಹೋದವರಾಗಿರುತ್ತಾರೆ.

ಯಾಕೆ ಹೀಗೆ ಅಂದರೆ ಗರ್ಭದಲ್ಲಿ ಕಟ್ಟಿಕೊಳ್ಳುವ ರೀತಿಯೇ ಹಾಗೆ. ನಾಲ್ಕನೇ ವಾರದ ಹೊತ್ತಿಗೆ ಮೆದುಳಿನ ಹಿಂಭಾಗಕ್ಕೂ ರಕ್ತ ಬರುವುದು ಮುಂದಿನ ಕೆರೋಟಿಡ್‌ನಿಂದಲೇ. ಆಗ ವರ್ಟಿಬ್ರಲ್ ಇನ್ನೂ ಕಟ್ಟಿಕೊಂಡಿರುವುದಿಲ್ಲ. ಮುಂದಿನಿಂದ ಹಿಂದಕ್ಕೆ ಕೆಲವು ತಾತ್ಕಾಲಿಕ ನಾಳಗಳು ಇರುತ್ತವೆ. ಅದರಲ್ಲಿ ದೊಡ್ಡದು ಟ್ರೈಜೆಮಿನಲ್ ಆರ್ಟರಿ. ಪೋಸ್ಟೀರಿಯರ್ ಕಮ್ಯುನಿಕೇಟಿಂಗ್ (ಮುಂದಿನ ಕೆರೋಟಿಡ್‌ಗೂ ಹಿಂದಿನ ಪಿಸಿಎಗೂ ಸೇತುವೆಯಾಗುವ ನಾಳ), ವರ್ಟಿಬ್ರಲ್ ಎಲ್ಲ ತಯಾರಾಗುತ್ತಾ ಬಂದಂತೆ ಈ ತಾತ್ಕಾಲಿಕದವು ಒಂದು ವಾರದ ಆಸುಪಾಸಿನಲ್ಲೇ ಕರಗಿ ಹೋಗುತ್ತವೆ. ಸಾವಿರದಲ್ಲಿ ಒಬ್ಬರಿಂದ ಆರು ಜನರಲ್ಲಿ ಟ್ರೈಜೆಮಿನಲ್ ಕರಗದೆ ಉಳಿದುಬಿಡುತ್ತದೆ. ಬೇಸಿಲಾರ್ ಕೂಡ ಮೊದಲು ಎರಡು ಎಳೆ. ಅವು ಅಕ್ಕಪಕ್ಕ ಬಂದು ಕೂಡಿಕೊಳ್ಳುತ್ತವೆ. ಎಲ್ಲೋ ಒಂದು ಕಡೆ ಕೂಡದೆ ಬಿಟ್ಟರೆ ನಾಳದ ನಡುವೆ ಒಂದು ಕಿಂಡಿ ಉಳಿಯುತ್ತದೆ, ಅದಕ್ಕೆ ಫೆನೆಸ್ಟ್ರೇಶನ್ ಅನ್ನುತ್ತಾರೆ. ಮೇಲಿನ ಪಿಸಿಎ ಕೆಲವರಲ್ಲಿ ಗರ್ಭದಲ್ಲಿದ್ದ ಹಾಗೇ ಕೆರೋಟಿಡ್‌ನಿಂದಲೇ ರಕ್ತ ತಗೊಳ್ಳುವುದನ್ನು ಮುಂದುವರಿಸುತ್ತದೆ. ನಿಮ್ಮ ಅವ್ವನ ರಿಪೋರ್ಟ್‌ನಲ್ಲಿ ಫೀಟಲ್ ಅಂದಿರುವುದು ಇದನ್ನೇ. ನೂರು ಜನರಲ್ಲಿ ಹತ್ತರಿಂದ ಮೂವತ್ತು ಜನರಿಗೆ ಒಂದು ಕಡೆಯಾದರೂ ಹೀಗಿರುತ್ತದೆ.

ಈ ನಾಳಗಳು ಮೆದುಳಿನ ಬುಡದಲ್ಲಿ ಒಂದು ಸುತ್ತು ಕಟ್ಟುತ್ತವೆ. ಥಾಮಸ್ ವಿಲ್ಲಿಸ್ ಅನ್ನುವ ಇಂಗ್ಲಿಷ್ ವೈದ್ಯರು 1664ರಲ್ಲಿ ಅದನ್ನು ಬಿಡಿಸಿ ಬರೆದರು, ಅವರ ಪುಸ್ತಕಕ್ಕೆ ಚಿತ್ರ ಬರೆದವರಲ್ಲಿ ವಾಸ್ತುಶಿಲ್ಪಿ ಕ್ರಿಸ್ಟೋಫರ್ ರೆನ್ ಕೂಡ ಒಬ್ಬರು. ವಿಲ್ಲಿಸ್ ಒಬ್ಬ ರೋಗಿಯ ಬಗ್ಗೆ ಬರೆದಿದ್ದಾರೆ. ಆ ಮನುಷ್ಯನ ಒಂದು ಕಡೆಯ ಕೆರೋಟಿಡ್ ಪೂರ್ತಿ ಮುಚ್ಚಿತ್ತು, ಆದರೂ ಲಕ್ವಾ ಆಗಿರಲಿಲ್ಲ, ಅದೇ ಕಡೆಯ ವರ್ಟಿಬ್ರಲ್ ದೊಡ್ಡದಾಗಿ ಬೆಳೆದು ಕೆಲಸ ನಡೆಸಿತ್ತು. ಪುಸ್ತಕದ ಹಾಗೆ ಎಲ್ಲ ತುಂಡುಗಳೂ ಸರಿಯಾಗಿರುವ ಪೂರ್ತಿ ಸುತ್ತು ಅರ್ಧಕ್ಕಿಂತ ಕಡಿಮೆ ಜನರಲ್ಲಿ ಇರುತ್ತದೆ. ಬಲಗಡೆ ಕಮ್ಯುನಿಕೇಟಿಂಗ್ ಕಾಣದೇ ಇರುವುದೂ ಇದೇ ಲೆಕ್ಕದಲ್ಲಿ ಬರುತ್ತದೆ.

ಮಕ್ಕಳು ಸ್ಕ್ಯಾನ್ ಮಾಡಿಸುವ ಅಗತ್ಯ ಇಲ್ಲ. ಬಿಪಿ ಚೆಕ್ ಮಾಡಿಸಿಕೊಳ್ಳಿ, ಅದು ಮನೆತನದಲ್ಲಿ ಬರುತ್ತದೆ.

ಸ್ಕ್ಯಾನ್ ರೂಮ್, ಹುಬ್ಬಳ್ಳಿ

ಮೇಡಂ ಹೇಳಿದ್ದು ಸರಿ. ನಾನು ರೇಡಿಯಾಲಜಿ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ, ಯಾಕಂದರೆ ‘ನಾರ್ಮಲ್ ವೇರಿಯಂಟ್, ಚಿಂತೆ ಬೇಡ’ ಅಂತ ಅಷ್ಟಕ್ಕೇ ಬಿಡುವುದೂ ನನಗೆ ಸರಿ ಅನ್ನಿಸುವುದಿಲ್ಲ. ಅವ್ವನ ಮೆದುಳಿನ ರಕ್ತದ ನಕ್ಷೆ ಏನು ಅಂತ ಮನೆಯವರಿಗೆ ಗೊತ್ತಿರಬೇಕು.

ನೀವು ಬರೆದ ಸಾಲುಗಳನ್ನು ಒಟ್ಟಿಗೆ ಓದಿ. ಬಲದ ವರ್ಟಿಬ್ರಲ್ ಸಣ್ಣದು, ಅದು ಸೆರೆಬೆಲ್ಲಂ, ಅಂದರೆ ಹಿಂದಿನ ಸಣ್ಣ ಮೆದುಳಿನ ಕೆಳಭಾಗಕ್ಕೆ ಹೋಗುವ ಪೈಕಾ ನಾಳಕ್ಕೆ ರಕ್ತ ಕೊಟ್ಟು ಅಲ್ಲಿಗೇ ಮುಗಿಯುತ್ತದೆ. ಅಂದರೆ ಬೇಸಿಲಾರ್‌ಗೆ ರಕ್ತ ಬರುತ್ತಿರುವುದು ಎಡದ ವರ್ಟಿಬ್ರಲ್ ಒಂದರಿಂದಲೇ. ಅದು ಬ್ರೇನ್‌ಸ್ಟೆಮ್ (ಮೆದುಳಿನ ಕಾಂಡ), ಸೆರೆಬೆಲ್ಲಂನ ಬಹುಭಾಗ, ಮೇಲೆ ಬಲದ ಪಿಸಿಎ ಇಷ್ಟನ್ನೂ ನೋಡಿಕೊಳ್ಳುತ್ತಿದೆ. ಎಡದ ಪಿಸಿಎ ಮಾತ್ರ ಎಡ ಕೆರೋಟಿಡ್ ಹತ್ತಿರ ರಕ್ತ ತಗೊಳ್ಳುತ್ತಿದೆ. ಹಾಗಾಗಿ ನಿಮ್ಮ ಅವ್ವನಿಗೆ ಎಡದ ವರ್ಟಿಬ್ರಲ್ ಬಹಳ ಬೆಲೆಯ ನಾಳ. ಆ ಎಡದ್ದು ಚೆನ್ನಾಗಿದೆಯಾ, ಒಳಗೆ ಎಲ್ಲಾದರೂ ಕೊಬ್ಬು ಕಟ್ಟಿದೆಯಾ ಅನ್ನುವುದು ನನಗೆ ಮೊದಲ ಪ್ರಶ್ನೆ. ರಿಪೋರ್ಟ್‌ನಲ್ಲಿ ಎಡದ ವರ್ಟಿಬ್ರಲ್ ಮತ್ತು ಬೇಸಿಲಾರ್ ನಾರ್ಮಲ್ ಅಂತ ಬರೆದಿದ್ದರೆ ಅರ್ಧ ಚಿಂತೆ ಹೋಯಿತು.

ಎರಡನೇ ಪ್ರಶ್ನೆ, ಬಲದ್ದು ನಿಜವಾಗಿ ಹುಟ್ಟಿನಿಂದ ಸಣ್ಣದಾ ಅಥವಾ ಆಮೇಲೆ ಮುಚ್ಚಿಕೊಂಡಿದ್ದಾ? ಎರಡೂ ಬೇರೆ ಬೇರೆ. ನೀರಿನ ಪೈಪ್ ಮೊದಲೇ ಒಂದು ಇಂಚಿನದು ಹಾಕಿರುವುದು ಬೇರೆ, ಎರಡು ಇಂಚಿನ ಪೈಪಿನಲ್ಲಿ ಹೂಳು ತುಂಬಿ ದಾರಿ ಸಣ್ಣದಾಗುವುದು ಬೇರೆ. ಸಾಮಾನ್ಯವಾಗಿ ಕಾಂಟ್ರಾಸ್ಟ್ (ನಾಳ ಎದ್ದು ಕಾಣಲು ಕೊಡುವ ಇಂಜೆಕ್ಷನ್) ಇಲ್ಲದೆ ಮಾಡುವ ಎಂಆರ್ ಆಂಜಿಯೋದಲ್ಲಿ ನಮಗೆ ಕಾಣುವುದು ಹರಿಯುತ್ತಿರುವ ರಕ್ತ. ನಾಳದ ಗೋಡೆ ಅದರಲ್ಲಿ ಕಾಣಲ್ಲ. ಸಣ್ಣ ನಾಳದಲ್ಲಿ ರಕ್ತ ನಿಧಾನ ಹರಿದರೆ ನಾಳವೇ ಇಲ್ಲವೇನೋ ಅನ್ನುವ ಹಾಗೆ ಮಾಯವಾಗುತ್ತದೆ. ಪೋಸ್ಟೀರಿಯರ್ ಕಮ್ಯುನಿಕೇಟಿಂಗ್ ಕಾಣುತ್ತಿಲ್ಲ ಅಂದಾಗಲೂ ಇದು ನೆನಪಿರಲಿ, ಕೂದಲಿನಷ್ಟು ಸಣ್ಣದು ಅಲ್ಲಿ ಇದ್ದರೂ ಇರಬಹುದು.

ನಾನು ಇಂಥ ಕೇಸ್ ಬಂದಾಗ ಮೂಳೆ ನೋಡುತ್ತೇನೆ. ಮೇಡಂ ಹೇಳಿದ ಆ ಮೂಳೆಯ ತೂತುಗಳಿವೆಯಲ್ಲ, ಒಳಗಿನ ನಾಳ ಎಷ್ಟು ದಪ್ಪವೋ ಅದಕ್ಕೆ ತಕ್ಕಂತೆ ತೂತು ಬೆಳೆದಿರುತ್ತದೆ. ಸಿಟಿ ಇದ್ದರೆ ಒಂದೊಂದು ಸ್ಲೈಸ್ ಕೆಳಗಿಂದ ಮೇಲಕ್ಕೆ ಸರಿಸುತ್ತಾ ಎರಡೂ ಕಡೆ ಹೋಲಿಸಿ ನೋಡಬಹುದು. ಬಲದ ತೂತುಗಳೂ ಸಾಲಾಗಿ ಸಣ್ಣವೇ ಇದ್ದರೆ, ನಾಳದ ಅಂಚು ಉದ್ದಕ್ಕೂ ನಯವಾಗಿ ಒಂದೇ ಸಮ ಸಣ್ಣಗಿದ್ದರೆ, ಅದು ಹುಟ್ಟಿನದು. ತೂತು ದೊಡ್ಡದಿದ್ದು ಒಳಗಿನ ನಾಳ ಮಾತ್ರ ಸಣ್ಣಗೆ, ಅಂಕುಡೊಂಕಾಗಿ, ಎಲ್ಲೋ ಒಂದು ಕಡೆ ಥಟ್ಟನೆ ನಿಂತುಹೋಗಿದ್ದರೆ ಕುರ್ಚಿ ಮುಂದಕ್ಕೆ ಎಳೆದುಕೊಂಡು ಮತ್ತೆ ನೋಡುತ್ತೇನೆ. ಅದು ಕೊಬ್ಬು ಕಟ್ಟಿದ್ದಿರಬಹುದು, ನಾಳದ ಒಳಪದರ ಹರಿದು ರಕ್ತ ಗೋಡೆಯೊಳಗೆ ಸೇರಿಕೊಂಡಿದ್ದೂ ಇರಬಹುದು, ಇದಕ್ಕೆ ಡಿಸೆಕ್ಷನ್ ಅನ್ನುತ್ತಾರೆ. ಕೊಬ್ಬಿನ ಸಿಗ್ನಲ್ ಅಡಗಿಸಿ ತೆಗೆಯುವ ಒಂದು ಎಂಆರ್‌ಐ ಸೀಕ್ವೆನ್ಸ್ ಇದೆ, ಅದರಲ್ಲಿ ಆ ಗೋಡೆಯ ರಕ್ತ ಬಿಳಿ ಚಂದ್ರದ ತುಂಡಾಗಿ ಕಾಣುತ್ತದೆ. ಬಹಳ ಕಡೆ 2 ಮಿಲಿಮೀಟರ್‌ಗಿಂತ ಕಡಿಮೆ ಅಗಲ ಇದ್ದರೆ ಹೈಪೋಪ್ಲಾಸ್ಟಿಕ್ ಅಂತ ಬರೆಯುತ್ತಾರೆ, ಕೆಲವರು ಬೇರೆ ಅಳತೆ ಇಟ್ಟುಕೊಂಡಿರುತ್ತಾರೆ. ಆದ್ದರಿಂದ ಪ್ರಿಂಟ್ ಜೊತೆ ಸಿಡಿ ಕೇಳಿ ತಗೊಳ್ಳಿ. ನ್ಯೂರೋ ಡಾಕ್ಟರ್‌ಗೆ ಸಿಡಿಯನ್ನೇ ಕೊಡಿ, ವಾಟ್ಸಾಪ್‌ನಲ್ಲಿ ತೆಗೆದ ಫಿಲಂ ಫೋಟೋದಲ್ಲಿ ಇದ್ಯಾವುದೂ ಗೊತ್ತಾಗುವುದಿಲ್ಲ.

ಸ್ಟೆಂಟ್ ವಿಷಯ ಕಾಕಾ ಅವರಿಗೆ ಸಮಾಧಾನದಿಂದ ಹೇಳಿ. ಅವರೂ ಅತ್ತಿಗೆ ಮೇಲಿನ ಕಾಳಜಿಯಿಂದಲೇ ಹೇಳಿದ್ದು. ಹುಟ್ಟಿನಿಂದ ಸಣ್ಣ ಇರುವ ನಾಳಕ್ಕೆ ಸ್ಟೆಂಟ್ ಹಾಕುವುದಿಲ್ಲ. ಅದರ ಗೋಡೆಯೇ ಅಷ್ಟು, ಒಳಗೆ ತೆರೆಯಬೇಕಾದ ಅಡ್ಡಿ ಏನೂ ಇಲ್ಲ.

ತಲೆ ತಿರುಗುವುದರ ಬಗ್ಗೆ: ಮಗ್ಗಲು ಬದಲಿಸಿದಾಗ, ಏಳುವಾಗ ಬಂದು ಸ್ವಲ್ಪ ಹೊತ್ತಿನಲ್ಲಿ ಹೋಗುತ್ತದೆ ಅಂದರೆ ಅದು ಕಿವಿಯದ್ದು ಇರುವ ಸಾಧ್ಯತೆಯೇ ಜಾಸ್ತಿ. ಒಳಕಿವಿಯಲ್ಲಿ ಸುಣ್ಣದ ಸಣ್ಣ ಸಣ್ಣ ಹರಳುಗಳಿರುತ್ತವೆ, ಅವು ಜಾಗ ಬಿಟ್ಟು ಅರ್ಧವರ್ತುಲದ ನಾಳಗಳೊಳಗೆ ಸೇರಿಕೊಂಡರೆ ತಲೆ ಅಲುಗಾಡಿದಾಗಲೆಲ್ಲ ಮನೆ ತಿರುಗುತ್ತದೆ. ಇದನ್ನು ಬಿಪಿಪಿವಿ ಅನ್ನುತ್ತಾರೆ. ಮಂಚದ ಮೇಲೆ ಕೂರಿಸಿ, ತಲೆ ಒಂದು ಪಕ್ಕಕ್ಕೆ ತಿರುಗಿಸಿ ಸರ್ರನೆ ಹಿಂದಕ್ಕೆ ಮಲಗಿಸಿ ಕಣ್ಣುಗುಡ್ಡೆ ಹೊರಳುವುದನ್ನು ನೋಡಿದರೆ ಗೊತ್ತಾಗುತ್ತದೆ. ಅದೇ ಆಗಿದ್ದರೆ ಎಪ್ಲಿ ಅನ್ನುವ ಕ್ರಮದಲ್ಲಿ ತಲೆ ತಿರುಗಿಸಿ ತಿರುಗಿಸಿ ಹರಳುಗಳನ್ನು ವಾಪಸ್ ಜಾಗಕ್ಕೆ ಕಳಿಸುತ್ತಾರೆ. ಎಷ್ಟೋ ಜನರಿಗೆ ಒಂದೆರಡು ಸಲದಲ್ಲೇ ವಾಸಿ. ಕಿವಿ ಮೂಗು ಗಂಟಲು ಡಾಕ್ಟರ್ ಹತ್ತಿರ ಒಮ್ಮೆ ಖಂಡಿತ ತೋರಿಸಿ.

ಹಾವೇರಿ ಅಕ್ಕ

ತಮ್ಮಾ, ನಿನ್ನ ಅವ್ವನಿಗೆ ಏನೂ ಆಗಲ್ಲ, ಧೈರ್ಯ ಹೇಳು. ನಾನು ಬೇರೆ ಒಂದು ವಿಷಯ ಇಲ್ಲಿ ಬರೆಯಲೇಬೇಕು ಅಂತ ಬರೆಯುತ್ತಿದ್ದೇನೆ, ಯಾಕಂದರೆ ಹಿಂದಿನ ಮೆದುಳಿನ ಸ್ಟ್ರೋಕ್ ಹೇಗಿರುತ್ತದೆ ಅಂತ ನಮ್ಮ ಕಡೆ ಬಹಳ ಜನಕ್ಕೆ ಗೊತ್ತಿಲ್ಲ.

ನಮ್ಮ ಮನೆಯವರ ಅಣ್ಣನಿಗೆ ಹೋದ ವರ್ಷ ಮೆಣಸಿನಕಾಯಿ ಹಂಗಾಮಿನಲ್ಲಿ ಹೀಗಾಯಿತು. ಬ್ಯಾಡಗಿ ಮಾರ್ಕೆಟ್ಟಿಗೆ ಮಾಲು ಹಾಕಿ ರಾತ್ರಿ ಮನೆಗೆ ಬಂದು ಮಲಗಿದವರು ಬೆಳಗ್ಗೆ ಏಳಲೇ ಇಲ್ಲ. ಉಸಿರಿದೆ, ನಾಡಿ ಇದೆ, ಕರೆದರೆ ‘ಹೂಂ’ ಅಂತಾರೆ, ಮತ್ತೆ ನಿದ್ದೆ. ಬಾಯಿ ಸೊಟ್ಟ ಇಲ್ಲ. ಕೈ ಕಾಲು ಚಿವುಟಿದರೆ ಎರಡೂ ಕಡೆ ಎಳಕೊಳ್ಳುತ್ತಾರೆ. ದಣಿದಿದ್ದಾರೆ ಬಿಡಿ ಅಂದರು ಕೆಲವರು, ಕುಡಿದಿದ್ದಾರಾ ಅಂತ ಕೇಳಿದರು ಕೆಲವರು, ಅವರು ಒಂದು ಹನಿ ಮುಟ್ಟಿದವರಲ್ಲ. ಒಂದು ದವಾಖಾನೆಯಲ್ಲಿ ಸಿಟಿ ತೆಗೆದರು, ನಾರ್ಮಲ್ ಅಂತ ಬಂತು, ಗ್ಲುಕೋಸ್ ಹಚ್ಚಿ ಮಲಗಿಸಿದರು. ಅತ್ತಿಗೆ ಮಾತ್ರ ‘ಇದು ನಿದ್ದಿ ಅಲ್ಲ, ನನಗ ನನ್ನ ಗಂಡ ಗೊತ್ತಿಲ್ಲೇನು’ ಅಂತ ಹಟ ಹಿಡಿದು ಹುಬ್ಬಳ್ಳಿಗೆ ಕರಕೊಂಡು ಹೋದರು. ಅಲ್ಲಿ ಎಂಆರ್‌ಐ ಮಾಡಿದಾಗ ಮೆದುಳಿನ ನಡುವೆ ಥಲಾಮಸ್ ಅನ್ನುವ ಭಾಗದಲ್ಲಿ ಎಡಕ್ಕೂ ಬಲಕ್ಕೂ ಒಟ್ಟಿಗೆ ಎರಡು ಬಿಳಿ ಕಲೆ ಕಂಡವು. ಒಂದೇ ನಾಳ ಎರಡೂ ಕಡೆಗೆ ರಕ್ತ ಕೊಡುತ್ತಿತ್ತಂತೆ, ಆ ಒಂದು ಮುಚ್ಚಿದ್ದಕ್ಕೆ ಎರಡೂ ಕಡೆ ಹೋಯಿತು ಅಂತ ಅಲ್ಲಿಯ ಡಾಕ್ಟರ್ ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು. ಆರ್ಟರಿ ಆಫ್ ಪರ್ಷೆರೋನ್ ಅಂತ ಹೆಸರು ಬರೆದುಕೊಟ್ಟರು.

ಈಗ ಓಡಾಡುತ್ತಾರೆ, ಹೊಲಕ್ಕೂ ಹೋಗುತ್ತಾರೆ. ಆದರೆ ಮಧ್ಯಾಹ್ನ ಜಾಸ್ತಿ ನಿದ್ದೆ, ಹೇಳಿದ್ದು ಮರೆಯುತ್ತಾರೆ, ಲೆಕ್ಕ ಪತ್ರ ಎಲ್ಲ ಈಗ ಅತ್ತಿಗೆಯದೇ. ಮುಖ ಸೊಟ್ಟ, ಕೈ ಸೋತಿದ್ದು ಇದ್ದರಷ್ಟೇ ಲಕ್ವಾ ಅಂತ ಯಾರೂ ಅಂದುಕೊಳ್ಳಬೇಡಿ. ಎಬ್ಬಿಸಿದರೂ ಏಳದ ನಿದ್ದೆಯೂ ಲಕ್ವಾ ಆಗಿರಬಹುದು.

ಧಾರವಾಡ ಅನಾಟಮಿ ಮೇಡಂ

ಅಕ್ಕಾ, ಇದನ್ನು ಬರೆದಿದ್ದು ಬಹಳ ಒಳ್ಳೆಯದಾಯಿತು. ನಿಮ್ಮ ಅತ್ತಿಗೆಗೆ ನನ್ನ ನಮಸ್ಕಾರ ತಿಳಿಸಿ. ಥಲಾಮಸ್‌ನ ನಡುಭಾಗಕ್ಕೆ ಸಾಮಾನ್ಯವಾಗಿ ಎಡ ಪಿಸಿಎಯಿಂದ ಎಡಕ್ಕೆ, ಬಲ ಪಿಸಿಎಯಿಂದ ಬಲಕ್ಕೆ ಸಣ್ಣ ಕವಲುಗಳು ಹೋಗುತ್ತವೆ. ಕೆಲವರಲ್ಲಿ ಒಂದೇ ಕಡೆಯಿಂದ ಒಂದು ಕಾಂಡ ಹೊರಟು ಎರಡೂ ಕಡೆಗೆ ಕವಲೊಡೆಯುತ್ತದೆ. ಫ್ರಾನ್ಸ್‌ನ ಪರ್ಷೆರೋನ್ ಅನ್ನುವವರು 1973ರಲ್ಲಿ ಇದನ್ನು ವಿವರಿಸಿದರು. ಅದು ಎಷ್ಟು ಸಣ್ಣದು ಅಂದರೆ ಆಂಜಿಯೋದಲ್ಲೂ ಸಾಮಾನ್ಯವಾಗಿ ಕಾಣುವುದಿಲ್ಲ, ಮುಚ್ಚಿಕೊಂಡು ಎರಡೂ ಕಡೆ ಕಲೆ ಬಿದ್ದಮೇಲೆಯೇ ಇತ್ತು ಅಂತ ಗೊತ್ತಾಗುವುದು. ಶುರುವಿನಲ್ಲಿ ಸಿಟಿ ನಾರ್ಮಲ್ ಬರುವುದೂ ಇದರಲ್ಲಿ ಸಾಮಾನ್ಯ. ಬದುಕಿರುವಷ್ಟು ದಿನ ಯಾವ ತೊಂದರೆಯನ್ನೂ ಕೊಡದ ಒಂದು ಜೋಡಣೆ, ಹೆಪ್ಪು ಬಂದು ಕೂತ ದಿನ ಮಾತ್ರ ಫಲಿತಾಂಶವನ್ನೇ ಬದಲಿಸಿಬಿಡುತ್ತದೆ. ವೇರಿಯೇಶನ್‌ಗಳನ್ನು ನಾವು ಇಷ್ಟು ಒತ್ತಿ ಕಲಿಸುವುದು ಇದಕ್ಕೇ.

ಬೆಟಗೇರಿ ಹುಡುಗ

ಮೇಡಂ, ಸರ್, ಅಕ್ಕಾ, ಎಲ್ಲರಿಗೂ ಬಹಳ ಬಹಳ ಧನ್ಯವಾದ. ಅವ್ವನಿಗೆ ಪೂರ್ತಿ ಓದಿ ಹೇಳಿದೆ. ಹುಟ್ಟಿದಾಗಿಂದ ಹಿಂಗೇ ಇತ್ತಂತೆ ಅಂದಿದ್ದಕ್ಕೆ ‘ಮತ್ತ ಇಷ್ಟು ದಿನ ಏನ್ ಆಗೇತಿ’ ಅಂತ ಅವಳೇ ನನಗೆ ಧೈರ್ಯ ಹೇಳಿದಳು. ರಿಪೋರ್ಟ್ ಮತ್ತೆ ತೆಗೆದು ನೋಡಿದೆ, ಎಡದ ವರ್ಟಿಬ್ರಲ್ ಮತ್ತು ಬೇಸಿಲಾರ್ ನಾರ್ಮಲ್ ಅಂತಲೇ ಇದೆ.

ಇನ್ನೂ ಕೆಲವು ಅನುಮಾನ ಇವೆ. ಪಕ್ಕದ ಮನೆಯವರು ದಿನಾ ಒಂದು ಆಸ್ಪಿರಿನ್ ಶುರು ಮಾಡಿ, ರಕ್ತ ತೆಳ್ಳಗಾಗುತ್ತದೆ ಅಂದರು, ಕೊಡಬಹುದಾ? ತಲೆ ತಿರುಗುವುದಕ್ಕೆ ಕುತ್ತಿಗೆ ತಿಕ್ಕಿ ಲಟಕ್ ಅನ್ನಿಸುವವರು ಒಬ್ಬರಿದ್ದಾರೆ, ಅಲ್ಲಿ ಕರಕೊಂಡು ಹೋಗಿ ಅಂತಲೂ ಹೇಳುತ್ತಿದ್ದಾರೆ. ಮತ್ತೆ ಯಾವ ಲಕ್ಷಣ ಬಂದರೆ ನಾವು ತಕ್ಷಣ ಓಡಬೇಕು?

ಸ್ಕ್ಯಾನ್ ರೂಮ್, ಹುಬ್ಬಳ್ಳಿ

ಕುತ್ತಿಗೆ ಲಟಕ್ ಅನ್ನಿಸುವುದು ಬೇಡ. ಬೇಡವೇ ಬೇಡ. ಕಟಿಂಗ್ ಅಂಗಡಿಯಲ್ಲಿ ಮಸಾಜ್ ಮಾಡಿ ಕೊನೆಗೆ ತಲೆ ಹಿಡಿದು ಎರಡೂ ಕಡೆ ಫಟ್ ಅಂತ ತಿರುಗಿಸುತ್ತಾರಲ್ಲ, ಅದನ್ನೂ ಯಾರೂ ಮಾಡಿಸಿಕೊಳ್ಳಬೇಡಿ. ವರ್ಟಿಬ್ರಲ್ ನಾಳ ಅಟ್ಲಾಸ್ ಹತ್ತಿರ ಸುತ್ತಿ ತಿರುಗುವ ಜಾಗ ಇದೆಯಲ್ಲ, ತಲೆ ಜೋರಾಗಿ ತಿರುಗಿಸಿದಾಗ ಅಲ್ಲೇ ಅದು ಜಗ್ಗುವುದು. ಒಳಪದರ ಹರಿದರೆ ಹೆಪ್ಪು ಕಟ್ಟಿ ಮೇಲಕ್ಕೆ ಹೋಗಬಹುದು. ಯಾರಿಗೂ ಒಳ್ಳೆಯದಲ್ಲ. ನಿಮ್ಮ ಅವ್ವನಂತೆ ಒಂದೇ ಕಡೆಯ ವರ್ಟಿಬ್ರಲ್ ನೆಚ್ಚಿಕೊಂಡವರಿಗಂತೂ ಅದಕ್ಕೆ ಏನಾದರೂ ಆದರೆ ಇನ್ನೊಂದು ಕಡೆಯಿಂದ ಸಹಾಯ ಸಿಗುವುದು ಕಷ್ಟ. ಕಿವಿಯ ಹರಳಿಗೆ ಮಾಡುವ ಎಪ್ಲಿ ಬೇರೆ. ಅದನ್ನು ಡಾಕ್ಟರ್ ಮೆಲ್ಲಗೆ, ಒಂದೊಂದು ಭಂಗಿಯಲ್ಲಿ ನಿಲ್ಲಿಸಿ ಮಾಡುತ್ತಾರೆ. ವರ್ಟಿಬ್ರಲ್ ವಿಷಯ ಅವರಿಗೂ ಮೊದಲೇ ಹೇಳಿ.

ಆಸ್ಪಿರಿನ್ ನೀವಾಗೇ ಶುರು ಮಾಡಬೇಡಿ. ಸ್ಟ್ರೋಕ್ ಆದವರಿಗೆ, ನಾಳದಲ್ಲಿ ಕೊಬ್ಬು ಕಟ್ಟಿದವರಿಗೆ ಅದು ಬೇಕಾಗುತ್ತದೆ. ಬರೀ ನಾಳ ಸಣ್ಣ ಇದೆ ಅನ್ನುವ ಕಾರಣಕ್ಕೆ ಕೊಡುವುದಿಲ್ಲ, ಹೊಟ್ಟೆಯಲ್ಲಿ ರಕ್ತಸ್ರಾವ ಆಗುವ ಅಪಾಯ ಅದಕ್ಕಿದೆ. ಅವ್ವನಿಗೆ ನಿಜವಾಗಿ ಕೆಲಸ ಮಾಡುವ ಔಷಧಿ ಬಿಪಿ ಗುಳಿಗೆ. ಮೆದುಳಿನ ಹಿಂಭಾಗದ ಸ್ಟ್ರೋಕ್ ಆದವರಲ್ಲಿ ಸಣ್ಣ ವರ್ಟಿಬ್ರಲ್ ಸ್ವಲ್ಪ ಜಾಸ್ತಿ ಕಂಡಿದ್ದೂ ಉಂಟು. ಆದರೆ ನಾಳವನ್ನು ಹಾಳು ಮಾಡುವುದು ಬಿಪಿ, ಶುಗರ್, ಕೊಬ್ಬು, ತಂಬಾಕು. ನಾಳದ ಅಗಲ ನಮ್ಮ ಕೈಯಲ್ಲಿಲ್ಲ, ಆ ಎಲೆ ಅಡಿಕೆಯ ಜೊತೆಯ ತಂಬಾಕು ನಮ್ಮ ಕೈಯಲ್ಲಿದೆ. ದಯವಿಟ್ಟು ಬಿಡಿಸಿ. ಒಂದೇ ಸಲ ಆಗದಿದ್ದರೆ ದಿನಕ್ಕೆ ಒಂದು ಸಲದ್ದು ತಪ್ಪಿಸುತ್ತಾ ಬನ್ನಿ.

ಎಡ ಪಿಸಿಎ ಫೀಟಲ್ ಇರುವುದರಿಂದ ಇನ್ನೊಂದು ಮಾತು. ಅವರ ಎಡ ಕೆರೋಟಿಡ್‌ನಿಂದ ಹೆಪ್ಪು ಹೊರಟರೆ ಮುಂದಿನ ಮೆದುಳಿಗಷ್ಟೇ ಅಲ್ಲ, ಹಿಂದಿನ ದೃಷ್ಟಿಯ ಭಾಗಕ್ಕೂ ಹೋಗಬಹುದು, ಆಗ ಬಲಗಡೆಯ ನೋಟ ಹೋಗುತ್ತದೆ. ಕುತ್ತಿಗೆಯ ಕೆರೋಟಿಡ್ ಡಾಪ್ಲರ್ ಆಗಿಲ್ಲದಿದ್ದರೆ ನ್ಯೂರೋ ಡಾಕ್ಟರ್‌ನ ಕೇಳಿ, ಬೇಕು ಅಂದರೆ ಮಾಡಿಸಿ. ಅದು ಸಾಮಾನ್ಯ ಸೋನೋಗ್ರಫಿ, ಇಂಜೆಕ್ಷನ್ ಏನೂ ಇಲ್ಲ.

ಯಾವಾಗ ಓಡಬೇಕು ಅಂದರೆ, ಥಟ್ಟನೆ ಶುರುವಾಗಿ ನಿಲ್ಲದೇ ಇರುವ ತಲೆ ತಿರುಗು, ಕೂತರೂ ಒಂದು ಪಕ್ಕಕ್ಕೆ ವಾಲುವುದು, ಒಂದು ವಸ್ತು ಎರಡಾಗಿ ಕಾಣುವುದು, ಮಾತು ತೊದಲುವುದು, ನೀರು ಕುಡಿದರೆ ನೆತ್ತಿಗೆ ಹತ್ತುವುದು, ಮುಖದ ಒಂದು ಕಡೆ ಮರಗಟ್ಟುವುದು, ಅರ್ಧ ನೋಟ ಹೋಗುವುದು, ತಲೆ ತಿರುಗಿನ ಜೊತೆ ಒಂದು ಕಿವಿ ಒಮ್ಮೆಲೇ ಕೇಳಿಸದಂತಾಗುವುದು, ಅಕ್ಕ ಬರೆದಂತೆ ಎಬ್ಬಿಸಿದರೂ ಏಳದಿರುವುದು. ಇದರಲ್ಲಿ ಯಾವುದೇ ಒಂದು ಬಂದರೂ 108ಕ್ಕೆ ಫೋನ್ ಮಾಡಿ, ಮಲಗಿ ಎದ್ದರೆ ಸರಿಹೋಗುತ್ತದೆ ಅಂತ ಕಾಯಬೇಡಿ. ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಲು ಸಾಮಾನ್ಯವಾಗಿ ನಾಲ್ಕೂವರೆ ಗಂಟೆ ಅಷ್ಟೇ ಸಮಯ. ಗದಗಿನಿಂದ ಹುಬ್ಬಳ್ಳಿ ದಾರಿ, ಆಮೇಲೆ ಸ್ಕ್ಯಾನ್, ಎಲ್ಲ ಅದರೊಳಗೇ ಆಗಬೇಕು. ಬೇಸಿಲಾರ್ ಮುಚ್ಚಿದಾಗ ತೊಡೆಯ ನಾಳದಿಂದ ತಂತಿ ಹಾಕಿ ಹೆಪ್ಪು ಹೊರತೆಗೆಯುವುದು ಪ್ರಯೋಜನ ಅಂತ 2022ರಲ್ಲಿ ಚೀನಾದ ಎರಡು ದೊಡ್ಡ ಅಧ್ಯಯನಗಳು ತೋರಿಸಿದವು, ಅದಕ್ಕೆ ಆರಿಸಿದ ಕೆಲವು ರೋಗಿಗಳಲ್ಲಿ 24 ಗಂಟೆವರೆಗೂ ಅವಕಾಶ ಇದೆ. ಎಲ್ಲಿ ಆ ಸೌಲಭ್ಯ ರಾತ್ರಿಯೂ ಸಿಗುತ್ತದೆ ಅಂತ ಈಗಲೇ ವಿಚಾರಿಸಿ ನಂಬರ್ ಫೋನಿನಲ್ಲಿ ಇಟ್ಟುಕೊಳ್ಳಿ. ಅವ್ವನ ಸಿಡಿ, ರಿಪೋರ್ಟ್ ಒಂದೇ ಚೀಲದಲ್ಲಿ ಕೈಗೆ ಸಿಗುವ ಕಡೆ ಇರಲಿ. ಹಳೆಯ ಸ್ಕ್ಯಾನ್ ಇದ್ದರೆ ಬಲದ್ದು ಮೊದಲೇ ಸಣ್ಣದಿತ್ತು ಅಂತ ಅಲ್ಲಿಯವರಿಗೆ ಒಂದು ನೋಟದಲ್ಲಿ ತಿಳಿಯುತ್ತದೆ, ಹೊಸದಾಗಿ ಮುಚ್ಚಿದ್ದಾ ಅಂತ ಹುಡುಕುವ ಸಮಯ ಉಳಿಯುತ್ತದೆ.

ಫಸ್ಟ್ ಇಯರ್ ಎಂಬಿಬಿಎಸ್

ಮೇಡಂ, ನಡುವೆ ಒಂದು ಡೌಟ್. ವರ್ಟಿಬ್ರಲ್ ಆರನೇ ಮೂಳೆಯ ತೂತಿಗೆ ಹೋಗುತ್ತದೆ ಅಂದಿರಿ. ಏಳನೇ ಮೂಳೆಗೂ ತೂತು ಇದೆ, ಅದು ಯಾಕೆ ಹಾಗಾದರೆ? ಮತ್ತೆ ಎಡದ ವರ್ಟಿಬ್ರಲ್ ನೇರವಾಗಿ ಅಯೋರ್ಟಾದಿಂದ (ಹೃದಯದಿಂದ ಹೊರಡುವ ದೊಡ್ಡ ನಾಳದಿಂದ) ಬರುತ್ತದೆ ಅಂತ ಒಂದು ಕಡೆ ಓದಿದೆ.

ಧಾರವಾಡ ಅನಾಟಮಿ ಮೇಡಂ

ಏಳನೆಯದರಲ್ಲಿ ಸಾಮಾನ್ಯವಾಗಿ ಸಣ್ಣ ವೇನ್, ಅಂದರೆ ರಕ್ತವನ್ನು ಹೃದಯಕ್ಕೆ ವಾಪಸ್ ಒಯ್ಯುವ ನಾಳ ಮಾತ್ರ ಹೋಗುತ್ತದೆ, ಆರ್ಟರಿ ಅದರ ಮುಂದಿನಿಂದ ಹಾದುಹೋಗುತ್ತದೆ. ಮುಂದಿನ ಸಲ ಮೂಳೆಗಳ ಪೆಟ್ಟಿಗೆ ತೆಗೆದಾಗ ಏಳನೆಯದನ್ನು ಆರನೆಯದರ ಪಕ್ಕ ಇಟ್ಟು ನೋಡಿ, ತೂತು ಎಷ್ಟು ಸಣ್ಣದು ಅಂತ ಕಣ್ಣಿಗೇ ಕಾಣುತ್ತದೆ. ಅಟ್ಲಾಸ್ ಕೂಡ ನಾಲ್ಕೈದು ತಗೊಂಡು ನೋಡಿ. ಕೆಲವದರಲ್ಲಿ ನಾಳ ಮಲಗುವ ತೋಡಿನ ಮೇಲೆ ಮೂಳೆಯದೇ ಒಂದು ತೆಳು ಸೇತುವೆ ಕಟ್ಟಿರುತ್ತದೆ, ಅಲ್ಲಿ ಸ್ಕ್ರೂ ಹಾಕುವ ಸರ್ಜನ್‌ಗೆ ಅದು ಮೊದಲೇ ಗೊತ್ತಿರಬೇಕು. ಎಡದ ವರ್ಟಿಬ್ರಲ್ ನೇರ ಅಯೋರ್ಟಾದಿಂದ ಹೊರಡುವುದು ನೂರು ಜನರಲ್ಲಿ ಸುಮಾರು ಐದು ಜನರಲ್ಲಿ ಇರುತ್ತದೆ. ಅಂಥವರಲ್ಲಿ ಅದು ಆರನೆಯದನ್ನು ಬಿಟ್ಟು ಐದನೇ ಅಥವಾ ನಾಲ್ಕನೇ ಮೂಳೆಯಲ್ಲಿ ಒಳಹೋಗುವುದೇ ಜಾಸ್ತಿ, ಹಾಗಾಗಿ ಕುತ್ತಿಗೆಯ ಕೆಳಭಾಗದಲ್ಲಿ ಮೂಳೆಯ ರಕ್ಷಣೆ ಇಲ್ಲದೆ ಹೊರಗೇ ಇರುತ್ತದೆ. ಮುಂದಿನಿಂದ ಕುತ್ತಿಗೆ ಬೆನ್ನುಮೂಳೆಯ ಆಪರೇಷನ್ ಮಾಡುವವರು ಮೊದಲು ಸ್ಕ್ಯಾನ್‌ನಲ್ಲಿ ಐದನೇ, ಆರನೇ ತೂತುಗಳೊಳಗೆ ನಾಳ ಇದೆಯಾ ಅಂತ ನೋಡಿಯೇ ಕೈ ಹಾಕುವುದು.